ಜೋಡಿ ಹೆಸರಿನ ಕೊಡ

ಸಿರುಗುಪ್ಪ
೨೪-೫-೧೯೭೬

ಬಳ್ಳಾರಿಯ ತರ್ಕಶಾಸ್ತ್ರದ ಲೆಕ್ಚರರ್ ಎರ್ರಿಸ್ವಾಮಿಯವರಿಗೆ, ಅವರ ಹೆಂಡತಿ ಅಕ್ಕನಾಗಮ್ಮನ ನಮಸ್ಕಾರ.

ಹೆಂಡತಿ ಎಂದು ನಾನಾಗಿ ಬರೆದುಕೊಂಡದ್ದಲ್ಲ. ಕುರುಗೋಡಿನಲ್ಲಿ ಮೈಕು ಹಚ್ಚಿ ಸಾರಿದ್ದೀರೆಂದು ಕೇಳಿದೆ, ಅದಕ್ಕೆ ಬರೆದೆ.

ಇವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತಿದ್ದೆ. ನಮ್ಮ ಮನೆಯೊಡತಿ ಹಂಪಕ್ಕ ಅಂಗೈಯಲ್ಲಿ ಸಕ್ಕರೆ ಹಿಡಿದುಕೊಂಡು ಬಂದಳು. "ಟೀಚರಮ್ಮಾರ, ಮೊದ್ಲ ಬಾಯಿ ತೆರೀರಿ" ಅಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಸಕ್ಕರೆ ಬಾಯಿಗೆ ಬಿದ್ದಿತ್ತು.

"ಕೂಡಿದ್ರಂತಲ್ರಿ! ಒಂದ ಗ್ವಾಡಿ ಆ ಕಡೆ ನಾನು, ಈ ಕಡೆ ನೀವು. ನನಗ ಒಂದ ಮಾತು ಹೇಳಬಾರದ?"

"ಯಾರು ಕೂಡಿದ್ದು ಹಂಪಕ್ಕ?"

"ಮತ್ತ ಮಳ್ಳರಂಗ ಕೇಳ್ತೀರಲ್ರಿ. ನಿನ್ನಿ ಕುರುಗೋಡಾಗ ನಮ್ಮ ವಿರೂಪಮ್ಮನ ಮಗಳ ಮದಿವ್ಯಾಗ ಕಿವಿಯಾರೆ ಕೇಳೀನಿ. ಲೆಕ್ಚರರ್ ಎರ್ರಿಸ್ವಾಮಿ ಮತ್ತು ಶ್ರೀಮತಿ ಅಕ್ಕನಾಗಮ್ಮ ದಂಪತಿಗಳಿಂದ ಒಂದು ಹಿತ್ತಾಳಿ ಕೊಡ ಅಂತ ಓದಿದ್ರು. ನಿಮ್ಮನ್ನ ಚಪ್ಪರದಾಗೆಲ್ಲ ಹುಡಿಕಿದೆ. ಅಡಿಗಿ ಮಾಡೂ ಕಡಿಗೂ ಹೋಗಿ ನೋಡಿದೆ. ಸರ ಒಬ್ರ ಎಲಿ ಮುಂದ ಕುಂತು ಬುಂದಿ ತಿನ್ನಾಕತ್ತಿದ್ರು."

ನಾನು ಏನು ಹೇಳಬೇಕಿತ್ತು? ಸಕ್ಕರೆ ಉಗುಳಲು ಬರುವುದಿಲ್ಲ. ನುಂಗಿದೆ. ಮಧ್ಯಾಹ್ನದ ಹೊತ್ತಿಗೆ ಅಕ್ಕಿ ಗಿರಣಿಯ ಓಣಿಯವರೆಗೂ ಸುದ್ದಿ ಹೋಗಿತ್ತು. ಒಬ್ಬಳು ಮಲ್ಲಿಗೆ ತಂದುಕೊಟ್ಟಳು. ಇನ್ನೊಬ್ಬಳು "ಹಂಗಾರ ಮನಿ ಖಾಲಿ ಮಾಡ್ತೀರೇನು, ನಮ್ಮ ತಮ್ಮಗ ಬೇಕಾಗಿತ್ತು" ಎಂದು ಕೇಳಿದಳು.

ಆ ಕೊಡ ನಮ್ಮವ್ವ ನನ್ನ ಮದುವೆಗೆ ಕೊಟ್ಟದ್ದು. ಪಾತ್ರೆ ಅಂಗಡಿಯಲ್ಲಿ ಕೂತು ಅದರ ಕಂಠದ ಸುತ್ತ ನಮ್ಮಿಬ್ಬರ ಹೆಸರು ಚುಕ್ಕೆ ಹೊಡೆಸಿ ತಂದಿದ್ದಳು. ಅದನ್ನು ದಾನ ಮಾಡುವ ಮೊದಲು ಒಂದು ಕಾರ್ಡು ಬರೆಯಬಹುದಿತ್ತು. ನೀವು ನನಗೆ ಕಡೆಯ ಕಾರ್ಡು ಬರೆದದ್ದು ಅವ್ವ ತೀರಿಕೊಂಡಾಗ.

ವರ್ಗವಾಗಿ ಈ ಊರಿಗೆ ಬಂದು ಆರು ವರ್ಷ. ಮೊದಲ ವರ್ಷ ಪ್ರತಿ ಶನಿವಾರ ಬಳ್ಳಾರಿಗೆ ಬರುತ್ತಿದ್ದೆ. ಆಮೇಲೆ ಒಂದು ಶನಿವಾರದಿಂದ ಬರಲಿಲ್ಲ. ನೀವು ಯಾಕೆಂದು ಕೇಳಲಿಲ್ಲ. ನಾವು ಜಗಳವಾಡಲಿಲ್ಲ. ಆಡಿದ್ದರೆ ಕೂಡಿಸಲು ಯಾರಾದರೂ ಹಿರಿಯರು ಬರುತ್ತಿದ್ದರು.

ಬೇಸಿಗೆ ರಜೆ, ಶಾಲೆಗೆ ಬೀಗ ಹಾಕಿದೆ. ಹೋಗಲು ಬೇರೆ ಎಲ್ಲೂ ಇಲ್ಲದ್ದರಿಂದ ಈ ಓಣಿಯಲ್ಲೇ ಎಲ್ಲರಿಗೂ ಮುಖ ತೋರಿಸಿಕೊಂಡು ಇರಬೇಕು.

ನನಗೆ ಆ ಕೊಡ ವಾಪಸ್ಸು ಬೇಕು.

ಇಂತಿ,
ಮೈಕಿನಲ್ಲಿ ಓದಿಸಿಕೊಂಡ
ಅಕ್ಕನಾಗಮ್ಮ


ಸತ್ಯನಾರಾಯಣಪೇಟೆ, ಬಳ್ಳಾರಿ
೨೯-೫-೧೯೭೬

ಸೌಭಾಗ್ಯವತಿ ಅಕ್ಕನಾಗಮ್ಮನಿಗೆ,

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಸಾಲಾಗಿ ನಿಂತ ಪ್ರಾರ್ಥನೆಯ ಮಕ್ಕಳ ಹಾಗೆ. ಒಂದೂ ತಲೆ ಎತ್ತುವುದಿಲ್ಲ. ಬೈಗುಳವನ್ನು ಇಷ್ಟು ದುಂಡಗೆ ಬರೆಯುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಮೊದಲು ಕೊಡದ ಕಥೆ. ನಮ್ಮ ಮನೆಯ ಮಾಲೀಕ ಚಿನ್ನಪ್ಪ ಈ ಮನೆಯನ್ನು ಕೆಡವಿ ಅಂಗಡಿ ಮಳಿಗೆ ಕಟ್ಟುತ್ತಾನಂತೆ. ಯುಗಾದಿ ಮುಗಿದ ಮೇಲೆ ಒಂದು ದಿನ ಬಂದು ಹೊಸ್ತಿಲಲ್ಲೇ ನಿಂತ. ಒಳಗೆ ಬರಲು ಜಾಗ ಇರಲಿಲ್ಲ. ಸುತ್ತ ನೋಡಿ ತೆಲುಗಿನಲ್ಲಿ ಕೇಳಿದ: "ಏಂ ಸಾರೂ, ಇದಿ ಇಲ್ಲಾ, ಮ್ಯೂಸಿಯಮಾ?" ಅವರ ಭಾಷೆಯಲ್ಲಿ ಇಲ್ಲು ಎಂದರೆ ಮನೆ. ನಮ್ಮ ಭಾಷೆಯಲ್ಲಿ ಇಲ್ಲ ಎಂದರೆ ಇಲ್ಲ. ನಾನು ಎರಡೂ ಭಾಷೆಯಲ್ಲಿ ಯೋಚಿಸಿ "ಇಲ್ಲ" ಎಂದೆ. ಅವನು ಅದನ್ನು ಮನೆ ಬಿಡಲು ಒಪ್ಪಿಗೆ ಎಂದುಕೊಂಡು ಹೋದ.

ಗಾಂಧಿನಗರದಲ್ಲಿ ಒಂದು ಮಹಡಿ ಕೋಣೆ ನೋಡಿದ್ದೇನೆ. ಅದರಲ್ಲಿ ಒಂದು ಮಂಚ ಹಾಕಿದರೆ ನಾನು ಮಂಚದ ಮೇಲೇ ಇರಬೇಕು. ಹಾಗಾಗಿ ಮನೆಯ ಸಾಮಾನನ್ನೆಲ್ಲ ಕರಗಿಸಬೇಕಾಯಿತು. ಈ ವೈಶಾಖದಲ್ಲಿ ಬಂದ ಲಗ್ನಪತ್ರಿಕೆಗೆಲ್ಲ ಒಂದೊಂದು ಪಾತ್ರೆ ಎಂದು ಲೆಕ್ಕ ಹಾಕಿದೆ. ಹೊಸ ದಂಪತಿಯ ಮನೆ ತುಂಬುತ್ತದೆ, ಹಳೆಯ ದಂಪತಿಯ ಮನೆ ಖಾಲಿಯಾಗುತ್ತದೆ.

ಆ ಕೊಡ ಮೂಲೆಯಲ್ಲಿ ಕೊಡೆಯ ಅಸ್ಥಿಪಂಜರದ ಕೆಳಗೆ ಇತ್ತು. ಒಳಗೆ ಹಳೆಯ ಪ್ರಶ್ನೆಪತ್ರಿಕೆ, ಹೊರಗೆ ಕಾಡಿಗೆಯ ಬಣ್ಣ. ಅದರ ಮೇಲೆ ಹೆಸರಿದೆಯೆಂದು ನನಗೆ ನೆನಪೇ ಇರಲಿಲ್ಲ. ವಿರೂಪಮ್ಮನ ಗಂಡ ನನ್ನ ಜೊತೆ ಓದಿದವನು. ಲಗ್ನದ ಹಿಂದಿನ ದಿನವೇ ಕೊಡವನ್ನು ಅವರ ಮನೆಗೆ ಮುಟ್ಟಿಸಿ, "ಎರ್ರಿಸ್ವಾಮಿ, ಬಳ್ಳಾರಿ" ಎಂದು ಚೀಟಿ ಕಟ್ಟಿ ಬಂದೆ. ಅದರ ಅವತಾರ ನೋಡಲಾರದೆ ವಿರೂಪಮ್ಮ ಹುಣಸೆಹಣ್ಣು ಹಚ್ಚಿ ಉಜ್ಜಿದ್ದಾಳೆ. ಆಕೆ ಉಜ್ಜಿದ ಭರಕ್ಕೆ ಚೀಟಿ ಹೋಯಿತು, ಹೆಸರು ಬಂತು.

ಉಡುಗೊರೆ ಓದುವವನು ದೊಡ್ಡಬಸಪ್ಪ. ಅವನಿಗೆ ಮೈಕು ಸಿಕ್ಕರೆ ಮಂತ್ರವೂ ನಿಲ್ಲಬೇಕು. ಕೊಡವನ್ನು ಎರಡೂ ಕೈಯಲ್ಲಿ ಎತ್ತಿ, ಗ್ಲೋಬಿನ ಹಾಗೆ ತಿರುಗಿಸುತ್ತ, ಒಂದೊಂದೇ ಚುಕ್ಕೆಯನ್ನು ಕೂಡಿಸಿ ಓದಿದ. ನಿನ್ನ ಹೆಸರು ಧ್ವನಿವರ್ಧಕದಿಂದ ಹೊರಟು ಕುರುಗೋಡಿನ ಗುಡ್ಡಕ್ಕೆ ಬಡಿದು ನನ್ನ ಎಲೆಗೆ ವಾಪಸ್ಸು ಬಂತು. ಚಪ್ಪರದಲ್ಲಿದ್ದ ಕತ್ತುಗಳೆಲ್ಲ ನನ್ನ ಪಕ್ಕದ ಖಾಲಿ ಎಲೆಯ ಕಡೆಗೆ ತಿರುಗಿದವು.

ಎದ್ದು ನಿಂತು "ಒಬ್ಬನೇ ರೀ" ಎಂದು ತಿದ್ದಬಹುದಿತ್ತು. ಬಾಯಲ್ಲಿ ಬುಂದಿ ಇತ್ತು.

ಕೊಡವನ್ನು ಕೊಡಬಾರದೆಂದು ಅದರ ಹೆಸರಿನಲ್ಲೇ ಇದೆ. ಕನ್ನಡ ಎಂ.ಎ. ಮಾಡಿದ್ದರೆ ತಿಳಿಯುತ್ತಿತ್ತು, ತರ್ಕ ಓದಿ ಕೆಟ್ಟೆ. ಹೋಗಿ ಕೇಳಿ ತರುತ್ತೇನೆ.

ಈಗ ನೀನು ಒಂದು ಉಪಕಾರ ಮಾಡು. ಪಾತ್ರೆಗಳು ಸುಲಭವಾಗಿ ಹೋದವು. ಉಳಿದದ್ದು ನನ್ನ ಪರಿವಾರ. ನಿಲ್ಲಿಸಿದರೆ ನಿಲ್ಲುವ, ಮಲಗಿಸಿದರೆ ನಡೆಯುವ ಟೈಂಪೀಸು. ಬಟ್ಟೆ ಇಲ್ಲದ ಕೊಡೆ, ಅದರ ಕಡ್ಡಿಗಳಿಗೆ ನನ್ನ ಬನಿಯನ್‌ಗಳನ್ನು ನೇತುಹಾಕುತ್ತೇನೆ. ನಾಟಕ ಕಂಪನಿಯ ಹರಾಜಿನಲ್ಲಿ ತಂದ ಭೀಮನ ಗದೆ, ಹೊರಗೆ ಗುಂಡು, ಒಳಗೆ ಟೊಳ್ಳು, ನಮ್ಮ ಪ್ರಿನ್ಸಿಪಾಲರ ಹಾಗೆ. ಅದೇ ಕಂಪನಿಯ ಹಾರ್ಮೋನಿಯಂ. ಬಾಗಿಲಿಗೆ ಕಟ್ಟಿದ ಹಳೆ ಬಸ್ಸಿನ ರಬ್ಬರು ಹಾರ್ನು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ನನಗೆ ಇವರೆಲ್ಲ ಮಾತಾಡುವವರು. ನ್ಯಾಯ ಹೇಳಲು ಹೊರಗಿನವರೇ ಬೇಕು.

"ಹೊರಗಿನವರು" ಎಂಬ ಶಬ್ದವನ್ನು ಹೊಡೆದುಹಾಕಬೇಕೆಂದಿದ್ದೆ. ಇನ್‌ಲ್ಯಾಂಡ್‌ನಲ್ಲಿ ಜಾಗ ಮುಗಿಯಿತು.

ನಿನ್ನ,
ಖಾಲಿಯಾಗುತ್ತಿರುವ
ಎರ್ರಿಸ್ವಾಮಿ


ಸಿರುಗುಪ್ಪ
೧೨-೬-೧೯೭೬

ಲೆಕ್ಚರರ್ ಅವರಿಗೆ,

ಬುಂದಿ ನುಂಗಿದ ಮೇಲಾದರೂ ಹೇಳಬಹುದಿತ್ತು.

ನ್ಯಾಯ ಕೇಳಿದ್ದೀರಿ, ಹೇಳುತ್ತೇನೆ. ಕೊಡೆಯ ಕಡ್ಡಿಗಳನ್ನು ಗುಜರಿಯವನಿಗೆ ಹಾಕಿ, ಅದು ಒಂದು ದಿನ ನಿಮ್ಮ ಕಣ್ಣಿಗೆ ಚುಚ್ಚುತ್ತದೆ. ಗದೆಯನ್ನು ಯಾರಾದರೂ ಆಟದವರಿಗೆ ಕೊಡಿ. ಟೈಂಪೀಸಿನ ವಿಷಯ ನಿಮಗೇ ಬಿಟ್ಟದ್ದು, ಅದು ನಿಮ್ಮ ಹಾಗೇ ಇದೆ. ಹಾರ್ನು ಮಾತ್ರ ಇರಲಿ. ಬಾಗಿಲು ತಟ್ಟಿದರೆ ನಿಮಗೆ ಕೇಳುವುದಿಲ್ಲ. ಪುಸ್ತಕ ಹಿಡಿದರೆ ಮನೆಗೆ ಬೆಂಕಿ ಬಿದ್ದರೂ ಕೇಳುವುದಿಲ್ಲ. ಹಾಲಿನವಳಾದರೂ ಹಾರ್ನು ಒತ್ತಲಿ.

ಹಾರ್ಮೋನಿಯಂ ಅನ್ನು ಎಲ್ಲಕ್ಕಿಂತ ಮೊದಲು ಹೊರಗೆ ಹಾಕಿ. ಅದು ಇರುವ ಜಾಗ ನನಗೆ ಗೊತ್ತಿದೆ.

ಶಾಲೆ ಶುರುವಾಗಿದೆ, ಹೆಚ್ಚು ಬರೆಯಲು ಹೊತ್ತಿಲ್ಲ. ಆದರೂ ಇದೊಂದನ್ನು ಬರೆದು ಮುಗಿಸುತ್ತೇನೆ. ಆ ಕಡೆಯ ಶನಿವಾರ ನಮ್ಮ ಶಾಲೆಗೆ ಇನ್ಸ್‌ಪೆಕ್ಟರು ಬಂದಿದ್ದರು, ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ದೀಪ ಹಚ್ಚುವ ಹೊತ್ತು. ಹಾರ್ನು ಒತ್ತಿದೆ. ನೀವು ಬಾಗಿಲು ತೆರೆದು "ಇವತ್ತು ಬರೋದಿಲ್ಲ ಅಂದಕೊಂಡೆ" ಅಂದಿರಿ. ಬ್ಯಾಗು ಇಡಲು ಒಳಗೆ ಹೋದೆ. ನೆಲದ ಮೇಲೆ ಎಲ್ಲೂ ಜಾಗ ಇರಲಿಲ್ಲ, ಅದು ಹೊಸದಲ್ಲ. ಮಂಚದ ಮೇಲಿಡೋಣ ಎಂದರೆ ಗೋಡೆಯ ಕಡೆ, ನಾನು ಮಲಗುವ ಕಡೆ, ಆ ಹಾರ್ಮೋನಿಯಂ ಮಲಗಿತ್ತು. ನನ್ನ ದುಪ್ಪಟಿ ಹೊದ್ದುಕೊಂಡು.

ನೀವು ಹಿಂದೆಯೇ ಬಂದು "ತಡಿ, ಎತ್ತಿ ಇಡ್ತೀನಿ" ಅಂದಿರಿ. ನಾನು "ಇರಲಿ" ಅಂದೆ.

ನೀವು ತರ್ಕದವರು. ಇರಲಿ ಎಂದರೆ ಇರಲಿ ಎಂದುಕೊಂಡಿರಿ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಸಂಸಾರ ನಡೆಯುತ್ತದೆ. ಹೆಂಡತಿಯ ಜಾಗಕ್ಕೆ ಇನ್ನೊಂದು ಬಂದು ಕೂತರೆ ಬರುವವಳು ಯಾತಕ್ಕೆ ಬರಬೇಕು? ಸವತಿಯಾದರೂ ಆಗಿದ್ದರೆ ಜುಟ್ಟು ಹಿಡಿಯುತ್ತಿದ್ದೆ. ಪೇಟಿಯ ಜೊತೆ ಏನು ಜಗಳ ಆಡುವುದು?

ಕೊಡ ಏನಾಯಿತು?

ಇಂತಿ,
ಅಕ್ಕನಾಗಮ್ಮ


ಸತ್ಯನಾರಾಯಣಪೇಟೆ, ಬಳ್ಳಾರಿ
೨-೭-೧೯೭೬

ಸೌ. ಅಕ್ಕನಾಗಮ್ಮನಿಗೆ,

ನಿನ್ನ ಪತ್ರಕ್ಕೆ ಕೂಡಲೇ ಉತ್ತರ ಬರೆಯಲಿಲ್ಲ. ಮೂರು ಸಲ ಬರೆದೆ, ಮೂರು ಸಲವೂ ತಮಾಷೆಯಾಯಿತು, ಹರಿದೆ. ಇದೂ ಹಾಗೇ ಆಗುವ ಲಕ್ಷಣ ಇದೆ, ಆದರೆ ಕಾಗದ ಮುಗಿದಿದೆ.

ನಿನ್ನ ತೀರ್ಪನ್ನು ಜಾರಿ ಮಾಡಿದ್ದೇನೆ. ಕೊಡೆ ಗುಜರಿಗೆ ಹೋಯಿತು. ಗುಜರಿಯವನು ಅದನ್ನು ಬಿಚ್ಚಿ ಮಡಿಸಿ ನೋಡಿ "ಸಾಬ್, ಇದರ ಕಪಡಾ ಎಲ್ಲಿ?" ಎಂದ. "ಕಪಡಾ ಹೋಗಿ ಭಾಳ ದಿನ ಆಯ್ತು, ನಾನು ಮಾನ ಮುಚ್ಚಿಕೊಂಡು ಬಂದೀನಿ" ಎಂದೆ. ನಗಲಿಲ್ಲ. ಗದೆ ಕುರುಗೋಡಿನ ಬಯಲಾಟದವರಿಗೆ ಹೋಯಿತು. ಅವರ ಭೀಮ ಇಷ್ಟು ದಿನ ಒನಕೆ ಹಿಡಿದು ದುರ್ಯೋಧನನನ್ನು ಕುಟ್ಟುತ್ತಿದ್ದನಂತೆ.

ಹಾರ್ಮೋನಿಯಂ ಅನ್ನು ಸಿರಿಗೇರಿಯ ಭಜನೆಯ ಮಾರೆಣ್ಣ ಒಯ್ದ. ಅದರ ಒಂದು ಕರಿ ಮನೆ ಒತ್ತದಿದ್ದರೂ ಕೂಗುತ್ತದೆ ಎಂದು ಮೊದಲೇ ಹೇಳಿದೆ. "ಕೂಗಲಿ ಬಿಡ್ರಿ ಸರ, ನಮ್ಮ ಭಜನ್ಯಾಗ ಯಾರು ಸುಮ್ಕ ಇರ್ತಾರ?" ಎಂದು ಬಸ್ಸಿನ ಮೇಲೆ ಹಗ್ಗ ಹಾಕಿ ಕಟ್ಟಿದ. ಎಷ್ಟೊಂದು ಮನೆಗಳಿರುವ ವಾದ್ಯ ನೋಡು, ಬಿಳಿಯವು, ಕರಿಯವು. ಬಾಡಿಗೆಗೆ ಒಂದೂ ಸಿಗಲಿಲ್ಲ ನನಗೆ. ಬಸ್ಸು ತಿರುವಿನಲ್ಲಿ ಕುಲುಕಿದಾಗ ಅದು ಒಮ್ಮೆ ಕೂಗಿತು. ನಾನು ನಿಲ್ದಾಣದಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಕುರುಗೋಡಿಗೆ ಹೋಗಿದ್ದೆ. ಬಸ್ಸಿನ ಒಳಗೆ "ಮಾತು ಕಡಿಮೆ, ಹೆಚ್ಚು ದುಡಿಮೆ" ಎಂದು ಬರೆಸಿದ್ದಾರೆ. ಸರ್ಕಾರಕ್ಕೆ ಈಗ ಹೊಳೆದಿದೆ. ನಾವಿಬ್ಬರೂ ಐದು ವರ್ಷದಿಂದ ಪಾಲಿಸುತ್ತಿದ್ದೇವೆ.

ವಿರೂಪಮ್ಮ ಜೋಳ ಹಸನು ಮಾಡುತ್ತಿದ್ದಳು. ಹೊಸ ಸ್ಟೀಲಿನ ಕೊಡ ಒಂದನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿದ್ದೆ. ಬದಲಾಯಿಸಿಕೊಳ್ಳಬೇಕೆಂದು ವಿಷಯ ಹೇಳಿದೆ. ಮೊರ ಕೆಳಗಿಟ್ಟಳು.

"ಓದಿಸಿದ್ದನ್ನ ವಾಪಸ್ ಕೇಳಾಕ ಬಂದ ಮನಷಾನ್ನ ನಾ ಇವತ್ತ ನೋಡಿದ್ದು."

"ತಪ್ಪಾಗೇತಿ ತಾಯಿ. ಅದು ನಮ್ಮಾಕಿ ತವರಮನಿ ಕೊಡ."

"ಹೆಸರು ಓದೀನಿ, ನನಗೂ ಗೊತ್ತೈತಿ. ಉಜ್ಜಿದಾಕಿ ನಾನಲ್ಲೇನು? ನಮ್ಮ ಹುಡಿಗಿ ಇನ್ನೂ ಗಂಡನ ಮನಿಗೆ ಒಯ್ದಿಲ್ಲ, ಇಲ್ಲೇ ಜಗುಲಿ ಮ್ಯಾಲೆ ಐತಿ. ಆದರ ಒಂದ ಮಾತು ಕೇಳ್ರಿ. ಜೋಡಿ ಹೆಸರ್ಲೆ ಬಂದದ್ದು ಜೋಡಿ ಕೈಗೇ ಕೊಡೂದು. ಒಬ್ಬಾತಗ ಕೊಟ್ರ ನಮ್ಮ ಹುಡಿಗಿ ಸಂಸಾರಕ್ಕ ಒಳ್ಳೇದಲ್ಲ. ಟೀಚರಮ್ಮಾರನ್ನ ಕರಕೊಂಡು ಬರ್ರಿ. ಹೋಳಿಗಿ ಮಾಡ್ತೀನಿ, ಉಣ್ರಿ, ಕೊಡ ಒಯ್ರಿ."

"ಆಕಿಗೆ ಬಿಡುವಿರಂಗಿಲ್ಲ."

"ಆಕಿಗೆ ಬಿಡುವಿಲ್ಲೋ, ನಿಮಗ ಕರಿಯಾಕ ಬಾಯಿಲ್ಲೋ?"

ಇದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರ ಹುಡುಕುತ್ತ ಬಸ್ಸಿಗೆ ಬಂದೆ. ಸ್ಟೀಲಿನ ಕೊಡ ನನ್ನ ತೊಡೆಯ ಮೇಲೇ ಕೂತು ವಾಪಸ್ಸು ಬಂತು. ಕಂಡಕ್ಟರು ಅದಕ್ಕೂ ಟಿಕೆಟು ಕೇಳಿದ.

ಈ ಮಾತನ್ನು ವರದಿ ಮಾಡುತ್ತಿದ್ದೇನೆ, ಅಷ್ಟೆ. ಆಹ್ವಾನ ವಿರೂಪಮ್ಮನದು.

ಈಗ ಆಷಾಢ. ಹೊಸ ಗಂಡ ಹೆಂಡಿರು ಒಂದೇ ಸೂರಿನಡಿ ಇರಬಾರದಂತೆ, ಊರೆಲ್ಲ ಮಗಳಂದಿರು ತವರಿಗೆ ಬಂದಿದ್ದಾರೆ. ನಮ್ಮದು ಬಹಳ ಉದ್ದನೆಯ ಆಷಾಢವಾಯಿತು ನೋಡು.

ನಿನ್ನ,
ಎರ್ರಿಸ್ವಾಮಿ


ಸಿರುಗುಪ್ಪ
೧೯-೭-೧೯೭೬
(ಕಾರ್ಡು)

ಪತ್ರ ಮುಟ್ಟಿತು. ಶಾಲೆಯಲ್ಲಿ ದಾಖಲಾತಿ ಕೆಲಸ. ಬಿಡುವಿಲ್ಲ. ಕೊಡ ಅಲ್ಲೇ ಇರಲಿ.

ಅ.


ಗಾಂಧಿನಗರ, ಬಳ್ಳಾರಿ
೧೨-೮-೧೯೭೬

ಅಕ್ಕನಾಗಮ್ಮನಿಗೆ,

ವಿಳಾಸ ಬದಲಾಗಿದೆ. ಮೇಲೆ ಬರೆದಿದ್ದೇನೆ. ನನಗೆ ಕಾಗದ ಬರೆಯುವವರು ನೀನು ಮತ್ತು ಜೀವವಿಮೆಯವರು. ಅವರಿಗೂ ತಿಳಿಸಿದ್ದೇನೆ.

ಸತ್ಯನಾರಾಯಣಪೇಟೆಯ ಮನೆ ಈಗ ಇಲ್ಲ. ಚಿನ್ನಪ್ಪ ಹಾರೆ ಹಾಕಿಸಿದ ದಿನ ನೋಡಲು ಹೋಗಿದ್ದೆ. ಅಡುಗೆಮನೆಯ ಗೋಡೆ ಬಿದ್ದಾಗ ನಿನ್ನ ಒಗ್ಗರಣೆಯ ಕಪ್ಪು ಬಣ್ಣ ಬಿಸಿಲಿಗೆ ಬಂತು. ಓಣಿಯವರೆಲ್ಲ ನೋಡಿದರು. ನನಗೆ ಯಾಕೋ ಅವರು ನೋಡಬಾರದಿತ್ತು ಅನ್ನಿಸಿತು.

ಹೊಸ ಕೋಣೆಯಲ್ಲಿ ಮಂಚ, ಮೇಜು, ಪುಸ್ತಕ, ಒಂದು ಸ್ಟವ್ವು, ಆ ಸ್ಟೀಲಿನ ಕೊಡ. ಟೈಂಪೀಸು ಮೇಜಿನ ಮೇಲೆ ಅಂಗಾತ ಮಲಗಿ ನಡೆಯುತ್ತಿದೆ. ನೀನು ನನಗೇ ಬಿಟ್ಟೆಯಲ್ಲ, ಇಟ್ಟುಕೊಂಡೆ. ಅದನ್ನು ನೋಡಬೇಕಾದರೆ ಬಾಗಬೇಕು. ಗಂಟೆ ತಿಳಿಯಲು ನಮಸ್ಕಾರ ಮಾಡಬೇಕಾದ ಗಡಿಯಾರ ನನ್ನದೊಂದೇ. ಇಷ್ಟು ಬಿಟ್ಟರೆ ಎಲ್ಲ ಚೊಕ್ಕಟ. ಮಾತಾಡಿದರೆ ದನಿ ಗೋಡೆಗೆ ಬಡಿದು ನನಗೇ ಬರುತ್ತದೆ. ಮೊದಲು ಸಾಮಾನು ಅದನ್ನೆಲ್ಲ ಕುಡಿದುಬಿಡುತ್ತಿತ್ತು. ಸಾಮಾನು ಕಿವಿ ಕೊಡುತ್ತದೆ ಎಂದು ಅದು ಹೋದ ಮೇಲೆ ತಿಳಿಯಿತು.

ಹಾರ್ನನ್ನು ಕೆಳಗೆ ಮೆಟ್ಟಿಲ ಬಾಗಿಲಿಗೆ ಕಟ್ಟಿದೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹಾರ್ನು ಕೂಗಿತು. ಎದ್ದೆ. ಮತ್ತೆ ಕೂಗಿತು. ಯಾರು ಒತ್ತಿದರೂ ಒಮ್ಮೆ ಒತ್ತುತ್ತಾರೆ, ನೀನು ಮಾತ್ರ ಎರಡು ಸಲ ಒತ್ತುತ್ತಿದ್ದೆ. ಕೈ ತೊಳೆಯದೆ ಕೆಳಗೆ ಓಡಿದೆ. ಒಂದು ಮೇಕೆ ರಬ್ಬರು ಅಗಿಯುತ್ತಿತ್ತು. ನನ್ನನ್ನು ನೋಡಿ ಮೂರನೆಯ ಸಲವೂ ಒತ್ತಿತು. ಆಮೇಲೆ ಹಾರ್ನಿಗೆ ತೂತು ಬಿತ್ತು. ಈಗ ಒತ್ತಿದರೆ ಗಾಳಿ ಮಾತ್ರ ಬರುತ್ತದೆ. ಹಾಗೆಂದು ಬಿಚ್ಚಿಲ್ಲ.

ಈಗ ಹರಿದುಹಾಕಿದ ಆ ಮೂರು ಉತ್ತರಗಳಲ್ಲಿ ಏನಿತ್ತೋ ಅದನ್ನು ಬರೆಯುತ್ತೇನೆ.

ನೀನು ವರ್ಗವಾಗಿ ಹೋದ ಹೊಸದರಲ್ಲಿ ನಿದ್ದೆಯಲ್ಲಿ ಹೊರಳಿದರೆ ಕೈ ಗೋಡೆಗೆ ಬಡಿಯುತ್ತಿತ್ತು. ಎಚ್ಚರವಾಗುತ್ತಿತ್ತು. ಒಂದು ದಿನ ಏನಾದರೂ ಇಡೋಣ ಎಂದು ಹಾರ್ಮೋನಿಯಂ ಎತ್ತಿ ಮಂಚದ ಮೇಲಿಟ್ಟೆ. ಅದರ ತಿದಿ ಸೋರುತ್ತದೆ, ಆ ಒಂದು ಮನೆ ಸದಾ ತೆರೆದೇ ಇರುತ್ತದೆ. ನಾನು ಹೊರಳಿ ಮಂಚ ಅಲ್ಲಾಡಿದರೆ ಅದು ಸಣ್ಣಗೆ ಒಂದು ಗೊಣಗು ಗೊಣಗಿ ಸುಮ್ಮನಾಗುತ್ತಿತ್ತು. ನೀನು ನಿದ್ದೆಯಲ್ಲಿ ಹಾಗೇ ಗೊಣಗುತ್ತಿದ್ದೆ. ಏನೆಂದು ಯಾವತ್ತೂ ತಿಳಿಯುತ್ತಿರಲಿಲ್ಲ, ಆದರೆ ಬೈಗುಳವೆಂದು ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಅದನ್ನು ಕೇಳಿದರೆ ನನಗೆ ಮತ್ತೆ ನಿದ್ದೆ ಹತ್ತುತ್ತಿತ್ತು.

ದುಪ್ಪಟಿ ಹೊದಿಸಿದ್ದು ಧೂಳಿಗೆ ಅಲ್ಲ.

ಶನಿವಾರ ನೀನು ಬರುವ ಮೊದಲು ಪ್ರತಿ ವಾರ ಅದನ್ನು ಎತ್ತಿ ಇಡುತ್ತಿದ್ದೆ. ಆ ವಾರ ಬಸ್ಸಿನ ಹೊತ್ತು ಮೀರಿತು, ನೀನು ಬರುವುದಿಲ್ಲ ಎಂದುಕೊಂಡೆ. ವಾಪಸ್ಸು ಇಟ್ಟೆ.

ನೀನು "ಇರಲಿ" ಎಂದಾಗ ತರ್ಕದ ಪ್ರಕಾರ ಸರಿಯಾಗಿಯೇ ತಿಳಿದೆ. ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೇನೆ, ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ, ಎರಡರ ನಡುವೆ ಮೂರನೆಯದಿಲ್ಲ. ಆ ಮೂರನೆಯದರಲ್ಲೇ ನೀನು ಐದು ವರ್ಷದಿಂದ ಮನೆ ಮಾಡಿಕೊಂಡಿದ್ದೀ. ನಿನ್ನ ಕಾರ್ಡಿನಲ್ಲಿ "ಕೊಡ ಅಲ್ಲೇ ಇರಲಿ" ಎಂದಿದೆ. ಈ ಸಲ ನಾನು ಅದನ್ನು ಹಾಗೆ ಓದಿಲ್ಲ. ತಪ್ಪಿದ್ದರೆ ತಿದ್ದು. ಟೀಚರಲ್ಲವೆ?

ಈಗ ಗೋಡೆಯ ಕಡೆ ಖಾಲಿ ಇದೆ. ಅಲ್ಲಿ ಏನೂ ಇಟ್ಟಿಲ್ಲ. ಪುಸ್ತಕವನ್ನೂ ಇಟ್ಟಿಲ್ಲ. ಕೈ ಗೋಡೆಗೆ ಬಡಿಯುತ್ತದೆ, ಬಡಿಯಲಿ.

ಎರ್ರಿಸ್ವಾಮಿ


ಸಿರುಗುಪ್ಪ
೧-೯-೧೯೭೬

ನಿಮಗೆ ನಮಸ್ಕಾರ.

ಶ್ರಾವಣದ ಕಡೆಯ ಸೋಮವಾರ ಹಂಪಕ್ಕ ಅವಳ ತವರಿಗೆ ಹೊರಟಳು. "ಬರ್ರಿ ಟೀಚರಮ್ಮಾರ, ಕ್ವಾಣ್ಯಾಗ ಕುಂತು ಏನು ಮಾಡ್ತೀರಿ" ಎಂದು ಕರೆದಳು. ಅವಳ ತವರು ಸಿರಿಗೇರಿ. ನನಗೆ ಅದು ಮೊದಲೇ ಗೊತ್ತಿತ್ತೆಂದು ನೀವು ತರ್ಕ ಮಾಡುವ ಅಗತ್ಯವಿಲ್ಲ.

ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆ. ಮಾರೆಣ್ಣ ಪೇಟಿ ಬಾರಿಸುತ್ತಿದ್ದ. ಎಲ್ಲರೂ ಹಾಡು ನಿಲ್ಲಿಸಿದರೂ ಅದು ಒಂದೇ ಸ್ವರದಲ್ಲಿ ನಿಧಾನವಾಗಿ ಕೊರಗುತ್ತಿತ್ತು. ಜನ ನಕ್ಕರು. ಮಾರೆಣ್ಣ ಅದರ ತಲೆಗೆ ಒಂದು ಏಟು ಕೊಟ್ಟು "ಸುಮ್ಕಾಗಲೇ" ಅಂದ. ನನಗೆ ತಡೆಯಲಾಗಲಿಲ್ಲ.

"ಹೊಡಿಬ್ಯಾಡಪ್ಪ ಅದನ್ನ" ಅಂದುಬಿಟ್ಟೆ. ಗುಡಿಯೆಲ್ಲ ನನ್ನ ಕಡೆ ತಿರುಗಿತು. ಮೈಕು ಇರಲಿಲ್ಲ, ಪುಣ್ಯ.

ಭಜನೆ ಮುಗಿದ ಮೇಲೆ ಮಾರೆಣ್ಣ ತಾನೇ ಬಂದ. "ತಾಯಿ, ಇದು ನಿಮ್ಮದೇನ್ರಿ?"

"ನಮ್ಮನಿಯವರದು."

"ಹಂಗಾರ ಒಯ್ದುಬಿಡ್ರಿ. ಒಂದ ಶ್ರಾವಣಕ್ಕ ನಮಗ ಸಾಕಾಗೈತಿ. ನಾವು ಶಿವಾ ಅಂದ್ರ ಇದು ಬ್ಯಾರೆ ಏನೋ ಅಂತೈತ್ರಿ. ನಿದ್ದಿಗಣ್ಣಾಗ ಮಾತಾಡಿದಂಗ."

ಹಂಪಕ್ಕ ಒಂದು ಕಡೆ, ನಾನು ಒಂದು ಕಡೆ ಹಿಡಿದು ಬಸ್ಸಿಗೆ ಹಾಕಿದೆವು. ಐದು ವರ್ಷ ಯಾವುದನ್ನು ಬೈದುಕೊಂಡೆನೋ ಅದನ್ನು ಸೆರಗಿನಲ್ಲಿ ಒರೆಸಿಕೊಂಡು ತಂದೆ. ದಾರಿಯಲ್ಲಿ ಹಂಪಕ್ಕ ಒಂದೇ ಮಾತು ಕೇಳಿದಳು: "ಸಕ್ಕರಿ ದಂಡ ಆಗಲಿಲ್ಲಲ್ರಿ?"

ನನ್ನ ಕೋಣೆ ನೀವು ನೋಡಿಲ್ಲ. ಚೊಕ್ಕಟವಾಗಿದೆ. ಒಂದು ಟ್ರಂಕು, ಒಂದು ಕುರ್ಚಿ, ಹಂಪಕ್ಕನ ಅತ್ತೆಯ ಕಾಲದ ಅಗಲವಾದ ಮಂಚ. ಬೇಡವಾದದ್ದು ಒಂದೂ ಇಲ್ಲ. ಯಾರಾದರೂ ಬಂದರೆ "ಎಷ್ಟು ಚಂದ ಇಟ್ಟೀರಿ" ಅನ್ನುತ್ತಾರೆ. ಹೀಗೆ ಇಡುವುದಕ್ಕೆ ಬಹಳ ಕೆಲಸವೇನಿಲ್ಲ, ಎದ್ದು ಹೋದ ಜಾಗಕ್ಕೆ ಬಂದು ಕೂರುವವರು ಇರಬಾರದು, ಅಷ್ಟೆ. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಪೇಟಿ ನೆಲದ ಮೇಲಿಟ್ಟರೆ ಗೆದ್ದಲು. ಹಾಗಾಗಿ ಮಂಚದ ಮೇಲಿಟ್ಟೆ. ನಾನು ಗೋಡೆಯ ಕಡೆ ಮಲಗುತ್ತೇನೆ, ಅದು ಹೊರಗಿನ ಕಡೆ ಇದೆ. ಮೊದಲ ರಾತ್ರಿ ನಾನು ಹೊರಳಿದಾಗ ಅದು ಗೊಣಗಿತು. ಎದ್ದು ಕೂತೆ. ನಾನು ನಿದ್ದೆಯಲ್ಲಿ ಮಾತಾಡುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಹೇಳುವವರು ಯಾರಿದ್ದರು? ಇಷ್ಟು ವರ್ಷ ಈ ಕೋಣೆಯಲ್ಲಿ ನಾನು ಏನೇನು ಅಂದಿದ್ದೆನೋ, ಎಲ್ಲ ಗೋಡೆಗೇ ಹೋಗಿದೆ.

ದುಪ್ಪಟಿ ಹೊದಿಸಿದ್ದೇನೆ.

ಬೆಳಿಗ್ಗೆ ಹಂಪಕ್ಕ ಕಸ ಗುಡಿಸಲು ಬಂದವಳು ನೋಡಿ "ಇದೇನ್ರಿ ಅವ್ವಾ, ಮಂಚದ ಮ್ಯಾಲೆ! ಕೆಳಗ ಇಳಿಸಿಕೊಡ್ಲೇನು?" ಎಂದು ಕೇಳಿದಳು. ನಾನು "ಇರಲಿ" ಅಂದೆ.

ಈ ಶಬ್ದವನ್ನು ಸರಿಯಾಗಿ ಓದಲು ಕಲಿತಿದ್ದೇನೆ ಎಂದು ಬರೆದಿದ್ದೀರಿ. ಪರೀಕ್ಷೆ ಇಟ್ಟಿದ್ದೇನೆ. ಈ ಶನಿವಾರ ಕಾಲೇಜು ಬಿಟ್ಟ ಮೇಲಿನ ಬಸ್ಸಿಗೆ ಬನ್ನಿ. ಪೇಟಿ ಭಾರವಿದೆ, ನಾನು ಇಳಿಸುವುದಿಲ್ಲ. ನೀವೇ ಇಳಿಸಬೇಕು. ಭಾನುವಾರ ಬೆಳಿಗ್ಗೆ ಕುರುಗೋಡಿಗೆ ಹೋಗೋಣ. ವಿರೂಪಮ್ಮನಿಗೆ ಹೋಳಿಗೆಗೆ ಬೇಳೆ ನೆನೆಹಾಕಲು ಹಂಪಕ್ಕನ ಕೈಯಲ್ಲಿ ಹೇಳಿ ಕಳಿಸಿದ್ದೇನೆ.

ಬಸ್ಸು ತಪ್ಪಿದರೆ ಮುಂದಿನದಕ್ಕೆ ಬನ್ನಿ. ಇವತ್ತು ಬರುವುದಿಲ್ಲ ಎಂದು ನಾನು ಅಂದುಕೊಳ್ಳುವುದಿಲ್ಲ.

ಇಂತಿ ನಿಮ್ಮ,
ಕೊಡದ ಮೇಲೆ ಹೆಸರಿರುವ
ಅಕ್ಕನಾಗಮ್ಮ